ಸಹಾಯ ಬೇಕು: ಲೂಪಸ್ ಹತೋಟಿಯಲ್ಲಿದೆ, ಆದರೂ ಸಿ4 ಏರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಲೂಪಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಕಿಡ್ನಿಗೂ ತಾಗಿತ್ತು. ಆಗ ರಕ್ತದ ಟೆಸ್ಟ್‌ನಲ್ಲಿ ಸಿ3, ಸಿ4 ಎಂಬ ಪ್ರೋಟೀನ್‌ಗಳು ಕಡಿಮೆ ಬಂದಿದ್ದವು: ಸಿ3 48, ಸಿ4 5. ಈಗ ಮೈಕೋಫಿನೊಲೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿಗಳನ್ನು ತೆಗೆದುಕೊಂಡು ಸಿ3 102ಕ್ಕೆ ಬಂದಿದೆ. ಮೂತ್ರದಲ್ಲಿ ಪ್ರೋಟೀನ್ ಹೋಗುವುದು ನಿಂತಿದೆ. ಸಿ4 ಮಾತ್ರ 8 ದಾಟುತ್ತಿಲ್ಲ.

ನಾನು ತಿಳಿದುಕೊಂಡಿದ್ದು ಇಷ್ಟು. ಸಿ3, ಸಿ4 ಎರಡೂ ಕಾಂಪ್ಲಿಮೆಂಟ್ ಎಂಬ ಗುಂಪಿನ ಪ್ರೋಟೀನ್‌ಗಳು, ಹೆಚ್ಚಾಗಿ ಲಿವರ್‌ನಲ್ಲಿ ತಯಾರಾಗುತ್ತವೆ, ಸೋಂಕಿನ ವಿರುದ್ಧ ಹೋರಾಡುತ್ತವೆ. ಲೂಪಸ್‌ನಲ್ಲಿ ಆಂಟಿಬಾಡಿಗಳ ಗುಂಪುಗಳು ಕಿಡ್ನಿಯಲ್ಲಿ ಸೇರಿಕೊಂಡು ಇವನ್ನು ಕೆರಳಿಸುತ್ತವೆ. ಹಾಗೆ ಖರ್ಚಾಗಿ ರಕ್ತದಲ್ಲಿ ಮಟ್ಟ ಇಳಿಯುತ್ತದೆ. ಅದಕ್ಕೇ ಕಡಿಮೆ ಬಂದರೆ ರೋಗ ಜೋರಾಗಿದೆಯೇ ಎಂದು ನೋಡುತ್ತಾರೆ, ಅಲ್ವಾ? ಆದರೆ ಕೆಲವರಿಗೆ ಹುಟ್ಟಿನಿಂದಲೇ ಸಿ4 ಜೀನ್‌ನ ಪ್ರತಿಗಳು ಕಡಿಮೆ. ಅವರಿಗೆ ರೋಗ ತಣ್ಣಗಿದ್ದರೂ ಸಿ4 ಏರದೇ ಇರಬಹುದಂತೆ.

ತಂಗಿಗೆ ಈಗ ಮಗು ಬೇಕು ಅನ್ನುವ ಆಸೆ. ಮೈಕೋಫಿನೊಲೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು, ಹಾಗಾಗಿ ಮೊದಲು ಅದನ್ನು ನಿಲ್ಲಿಸಿ ಅಜಾಥಿಯೊಪ್ರಿನ್ ಎಂಬ ಔಷಧಿಗೆ ಬದಲಾಯಿಸಬೇಕು. ಗರ್ಭಿಣಿಯರಲ್ಲಿ ಸಿ3, ಸಿ4 ಸಹಜವಾಗಿಯೇ ಏರುವುದರಿಂದ ನಾರ್ಮಲ್ ರಿಪೋರ್ಟ್ ಕೂಡ ದಾರಿ ತಪ್ಪಿಸಬಹುದು. ನನಗೆ ಜಾಸ್ತಿ ಭಯ ಇರುವುದು ಇಲ್ಲೇ.

ಸಿ4 ಕಡಿಮೆ ಇದ್ದೇ ಬಸುರಿಯಾದವರು ಇಲ್ಲಿದ್ದೀರಾ? ನಿಮ್ಮ ಡಾಕ್ಟರು ಯಾವ ಟೆಸ್ಟ್‌ಗಳನ್ನು, ಎಷ್ಟು ದಿನಕ್ಕೊಮ್ಮೆ ಮಾಡಿಸಿದರು? ಔಷಧಿ ಬದಲಿಸಿದ ಮೇಲೆ ಎಷ್ಟು ತಿಂಗಳು ಕಾಯಲು ಹೇಳಿದರು? ಮುಂದಿನ ಭೇಟಿಯಲ್ಲಿ ನಮ್ಮ ಡಾಕ್ಟರನ್ನು ಸರಿಯಾಗಿ ಕೇಳಬೇಕು, ದಯವಿಟ್ಟು ನಿಮ್ಮ ಅನುಭವ ಬರೆಯಿರಿ.