ಡಯಾಗ್ರಾಂ ಹುಡುಕುವ ಟೂಲ್: ಎಐ ಏಜೆಂಟ್‌ಗೆ ಏನೆಂದು ಬರೆದುಕೊಡಬೇಕು?

ಕೆರೆ ಏರಿ:
ಎಲ್ಲರಿಗೂ ನಮಸ್ಕಾರ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಔಟರ್ ರಿಂಗ್ ರೋಡ್ ಮುಳುಗಿತ್ತಲ್ಲ, ಅದಾದ ಮೇಲೆ ನಾವು ನಾಲ್ಕೈದು ಜನ ಸೇರಿ ಕೆರೆ ಮತ್ತು ರಾಜಕಾಲುವೆಗಳ ಡಯಾಗ್ರಾಂ ಬರೆದಿಡೋಕೆ ಶುರು ಮಾಡಿದೆವು. ಎಲ್ಲವೂ ಎಕ್ಸ್‌ಕ್ಯಾಲಿಡ್ರಾ (ಪೆಟ್ಟಿಗೆ, ಬಾಣ ಎಳೆದು ಚಿತ್ರ ಬರೆಯೋ ಆ್ಯಪ್) ಫೈಲುಗಳು. ಈಗ ರಾಶಿ ಬಿದ್ದಿವೆ, ಬೇಕಾದದ್ದು ಕೈಗೆ ಸಿಗಲ್ಲ. ಅದಕ್ಕೆ ಒಂದು ಎಂಸಿಪಿ ಸರ್ವರ್ ಬರೆದೆ, ಅಂದರೆ ಎಐ ಏಜೆಂಟ್ ಬಳಸೋ ಟೂಲುಗಳನ್ನು ಒದಗಿಸೋ ಪ್ರೋಗ್ರಾಂ. ಒಂದೇ ಟೂಲ್. ಪದ ಕೊಟ್ಟರೆ ಆ ಪದ ಇರುವ ಚಿತ್ರ, ಅದರೊಳಗಿನ ಹೆಸರುಗಳು ಬರುತ್ತವೆ. ಟೂಲ್ ಏನು ಮಾಡುತ್ತೆ ಅಂತ ಏಜೆಂಟ್‌ಗೆ ಹೇಳೋ ವಿವರಣೆಗೆ ಒಂದೇ ಸಾಲು ಹಾಕಿದ್ದೆ: "ಉಳಿಸಿದ ಚಿತ್ರಗಳನ್ನು ಹುಡುಕುತ್ತದೆ."

ಮೊನ್ನೆ ಏಜೆಂಟ್‌ನ ಕೇಳಿದೆ, "ಅಗರ ಕೆರೆ ತುಂಬಿದರೆ ನೀರು ಎಲ್ಲಿಗೆ ಹೋಗುತ್ತೆ?" ಮಡಿವಾಳ ಕೆರೆಗೆ ಅಂದಿತು. ಪೂರ್ತಿ ಉಲ್ಟಾ. ಮಡಿವಾಳದಿಂದ ಅಗರ, ಅಗರದಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ ನದಿ. ನೀರು ಹರಿಯುವುದು ಹೀಗೆ.

ಟೂಲ್ ಏನು ಕಳಿಸಿತ್ತು ಅಂತ ತೆಗೆದು ನೋಡಿದೆ. "ವರ್ತೂರು, ಬೆಳ್ಳಂದೂರು, ಅಗರ, ಮಡಿವಾಳ." ಅಷ್ಟೇ. ಆ ಚಿತ್ರ ಬರೆದವರು ಕೆಳಗಿನ ಕೆರೆಯಿಂದ ಶುರು ಮಾಡಿದ್ದರು. ಬರೆದ ಕ್ರಮದಲ್ಲೇ ಫೈಲಿನಲ್ಲಿ ಕೂತಿತ್ತು. ಬಾಣಗಳನ್ನು ನನ್ನ ಟೂಲ್ ಕಳಿಸೋದೇ ಇಲ್ಲ. ಏಜೆಂಟ್ ಆ ಕ್ರಮವನ್ನೇ ಹರಿವು ಅಂದುಕೊಂಡಿದೆ. ವಿವರಣೆ ಸರಿಯಾಗಿ ಬರೆದಿದ್ದರೆ ಇದು ಆಗುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ. ನೀವೇನಂತೀರಿ?

ಹನುಮಂತನಗರ:
ಸರ್, ನಾನು ಒಪ್ಪಲ್ಲ. ಇದು ಬರವಣಿಗೆಯ ತಪ್ಪಲ್ಲ, ಟೂಲಿನ ತಪ್ಪು. ಆ ಫೈಲು ಜೇಸನ್ ಅಲ್ವಾ, ಪ್ರೋಗ್ರಾಂ ಓದಬಲ್ಲ ಪಠ್ಯ ರೂಪದ್ದು? ಪ್ರತಿ ಬಾಣಕ್ಕೂ ಶುರುವಿನ ತುದಿ ಯಾವ ಪೆಟ್ಟಿಗೆಗೆ ಅಂಟಿದೆ, ಕೊನೆಯ ತುದಿ ಯಾವುದಕ್ಕೆ ಅಂಟಿದೆ ಅಂತ ಐಡಿ ಇರುತ್ತದೆ. ಪೆಟ್ಟಿಗೆಯೊಳಗಿನ ಬರಹಕ್ಕೂ ಅದು ಯಾವ ಪೆಟ್ಟಿಗೆಯದು ಅನ್ನುವ ಐಡಿ ಇರುತ್ತದೆ. ಎರಡನ್ನೂ ಜೋಡಿಸಿ "ಅಗರದಿಂದ ಬೆಳ್ಳಂದೂರಿಗೆ" ಅಂತಲೇ ಕಳಿಸಿ. ಅರ್ಧ ಮಾಹಿತಿ ಕೊಟ್ಟು "ಇದು ಅರ್ಧ" ಅಂತ ಚೀಟಿ ಅಂಟಿಸೋದು ಯಾಕೆ?

ಕೆರೆ ಏರಿ:
ಹನುಮಂತನಗರ ಅವರೇ, ಬಾಣ ಕಳಿಸಬೇಕು, ಆ ಮಾತು ಸರಿ. ಇವತ್ತೇ ಕೂತು ಮಾಡಿದೆ. ಆದರೆ ನಮ್ಮ ಚಿತ್ರಗಳಲ್ಲಿ ತುಂಬಾ ಬಾಣಗಳು ಯಾವುದಕ್ಕೂ ಅಂಟಿಲ್ಲ. ಪೆಟ್ಟಿಗೆ ಹತ್ತಿರ ಸುಮ್ನೆ ಎಳೆದಿದ್ದಾರೆ. ಕಣ್ಣಿಗೆ ಸರಿಯಾಗಿ ಕಾಣುತ್ತೆ, ಫೈಲಿನಲ್ಲಿ ಆ ಜಾಗ ಖಾಲಿ. ಅಲ್ಲಿ ಟೂಲ್‌ಗೆ ದಿಕ್ಕು ಗೊತ್ತಾಗಲ್ಲ. ಗೊತ್ತಾಗಲ್ಲ ಅನ್ನೋದನ್ನು ಬರೆದು ಹೇಳಲೇಬೇಕಲ್ಲ?

ಟೋಕನ್ ಲೆಕ್ಕ:
ಹೇಳಿ, ಆದರೆ ಚಿಕ್ಕದಾಗಿ ಹೇಳಿ. ಟೂಲಿನ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಟೂಲ್‌ಗೆ ಏನೇನು ಕೊಡಬೇಕು ಅನ್ನೋ ಪಟ್ಟಿ), ಈ ಮೂರೂ ಸಾಮಾನ್ಯವಾಗಿ ಪ್ರತಿ ಮಾತುಕತೆಯಲ್ಲೂ ಮಾಡೆಲ್ ಮುಂದೆ ಹೋಗುತ್ತವೆ, ಟೂಲ್ ಬಳಸಲಿ ಬಿಡಲಿ. ನಮ್ಮ ಆಫೀಸಲ್ಲಿ ಒಬ್ಬರು ವಿವರಣೆಯನ್ನೇ ಕೈಪಿಡಿ ಮಾಡಿಟ್ಟಿದ್ದರು. ಬೇರೆ ಟೂಲುಗಳಿಗೆ ಜಾಗವೇ ಇಲ್ಲ ಅನ್ನೋ ಹಾಗಾಯಿತು. ಉಳಿದದ್ದನ್ನು ರೀಡ್‌ಮಿಗೆ, ಅಂದರೆ ಕೋಡ್ ಜೊತೆ ಜನರಿಗಾಗಿ ಇಡೋ ಟಿಪ್ಪಣಿ ಫೈಲಿಗೆ ಹಾಕಿ.

ಕೆರೆ ಏರಿ:
ರೀಡ್‌ಮಿ ಏಜೆಂಟ್ ಕಣ್ಣಿಗೆ ಬೀಳಲ್ಲ. ನಾನು ಮಾಡಿದ ತಪ್ಪೇ ಅದು. "ಹೆಸರುಗಳು ಬರೆದ ಕ್ರಮದಲ್ಲಿ ಬರುತ್ತವೆ" ಅಂತ ರೀಡ್‌ಮಿಯಲ್ಲಿ ನೀಟಾಗಿ ಬರೆದಿದ್ದೆ. ನನ್ನ ಜೊತೆಯವರು ಓದಿದರು, ಓದಬೇಕಾದ ಏಜೆಂಟ್ ಓದಲಿಲ್ಲ.

ನಿವೃತ್ತ ಮೇಷ್ಟ್ರು:
ಒಂದು ವಿಷಯ ಯಾರೂ ಎತ್ತಲಿಲ್ಲ. ನನ್ನ ಹತ್ತಿರ ಹಳೆಯ ನುಡಿ ಫಾಂಟಿನಲ್ಲಿ ಹೆಸರು ಬರೆದ ನಕ್ಷೆಗಳಿವೆ. ಪರದೆ ಮೇಲೆ "ವರ್ತೂರು" ಅಂತ ಕಾಣುತ್ತೆ. ಆದರೆ ಅದು ಯೂನಿಕೋಡ್ ಅಲ್ಲ, ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಕನ್ನಡದಲ್ಲಿ ಹುಡುಕಿದರೆ ಜನ್ಮದಲ್ಲಿ ಸಿಗಲ್ಲ. ಇನ್ನು ಕೆಲವರು ಬೆಳ್ಳಂದೂರು ಅನ್ನೋದನ್ನು ಇಂಗ್ಲಿಷಲ್ಲೇ ಬರೆದಿರುತ್ತಾರೆ. ಏಜೆಂಟ್ ಒಂದು ಸಲ ಹುಡುಕಿ "ಅಂಥ ಚಿತ್ರ ಇಲ್ಲ" ಅಂದುಬಿಟ್ಟರೆ, ನಾವು ಬಿಸಿಲಲ್ಲಿ ನಡೆದು ಬರೆದದ್ದು ಇದ್ದೂ ಇಲ್ಲದಂತೆ.

ರಾತ್ರಿ ಪಾಳಿ:
ಮೇಷ್ಟ್ರೇ, ನಿಮ್ಮ ಮಾತೇ ಇಲ್ಲಿ ಮುಖ್ಯ. "ಸಿಗಲಿಲ್ಲ" ಬೇರೆ, "ಇಲ್ಲ" ಬೇರೆ, "ಹುಡುಕೋಕೇ ಆಗಲಿಲ್ಲ" ಇನ್ನೂ ಬೇರೆ. ಎಂಸಿಪಿಯಲ್ಲಿ ಕೊನೆಯದಕ್ಕೆ ಎರರ್ ಅಂತ ಗುರುತು ಹಾಕಿ ಕಳಿಸೋ ವ್ಯವಸ್ಥೆ ಇದೆ. ಎಷ್ಟೋ ಜನ ಅದನ್ನು ಬಿಟ್ಟು ಖಾಲಿ ಪಟ್ಟಿ ಕಳಿಸುತ್ತಾರೆ. ಫೈಲು ತೆರೆಯದಿದ್ದರೂ ಖಾಲಿ, ಪದ ಇಲ್ಲದಿದ್ದರೂ ಖಾಲಿ. ಪಾಪ, ಏಜೆಂಟ್ ಏನು ಮಾಡುತ್ತೆ? ವೈಟ್‌ಬೋರ್ಡ್ ಫೋಟೋ ಅಂಟಿಸಿದ ಚಿತ್ರಗಳೂ ಇರಬೇಕಲ್ಲ, ಅದರ ಬರಹವೂ ಸಿಗಲ್ಲ. ಅದನ್ನೂ ಬರೆಯಿರಿ.

ಹನುಮಂತನಗರ:
ಅಂಟಿಲ್ಲದ ಬಾಣದ ವಿಷಯ ನನಗೆ ಹೊಳೆದಿರಲಿಲ್ಲ. ಒಪ್ಪಿದೆ. ಆದರೆ ನುಡಿ ಫಾಂಟಿಗೆ ಚೀಟಿ ಸಾಲದು. ಯೂನಿಕೋಡ್‌ಗೆ ಬದಲಾಯಿಸೋ ಸಾಧನಗಳಿವೆ, ಒಂದು ಸಲ ಬದಲಾಯಿಸಿಬಿಡಿ. ಸರಿ ಮಾಡೋಕೆ ಆಗೋದನ್ನು ವಿವರಣೆಗೆ ತಳ್ಳಬೇಡಿ.

ಕೆರೆ ಏರಿ:
ಮಾಡ್ತೀನಿ, ಮೇಷ್ಟ್ರು ಫೈಲು ಕಳಿಸಿದರೆ. ಅಲ್ಲಿವರೆಗೆ ಇದು ನೋಡಿ:

"ಉಳಿಸಿದ ಕೆರೆ, ರಾಜಕಾಲುವೆ ಚಿತ್ರಗಳಲ್ಲಿ ಬರೆದ ಹೆಸರುಗಳನ್ನು ಹುಡುಕುತ್ತದೆ. ಸ್ಥಳದ ಹೆಸರು ಮಾತ್ರ ಕೊಡಿ. ಕನ್ನಡದಲ್ಲಿ ಸಿಗದಿದ್ದರೆ ಇಂಗ್ಲಿಷಿನಲ್ಲೂ ಹುಡುಕಿ. ಹೆಸರುಗಳು ಬರುವ ಕ್ರಮಕ್ಕೆ ಅರ್ಥವಿಲ್ಲ. ನೀರಿನ ದಿಕ್ಕು ಇರುವುದು ಬಾಣದ ಜೋಡಿಗಳಲ್ಲಿ ಮಾತ್ರ. ಜೋಡಿ ಇಲ್ಲದಿದ್ದರೆ ದಿಕ್ಕು ಊಹಿಸದೆ ಚಿತ್ರದ ಲಿಂಕ್ ಕೊಡಿ. ಫೋಟೋ, ಹಳೆಯ ನುಡಿ ಫಾಂಟಿನ ಬರಹ ಸಿಗುವುದಿಲ್ಲ. ಖಾಲಿ ಪಟ್ಟಿ ಬಂದರೆ ಚಿತ್ರ ಇಲ್ಲ ಎಂದಲ್ಲ."

ಟೋಕನ್ ಲೆಕ್ಕ:
ಚೆನ್ನಾಗಿದೆ. ಇಷ್ಟು ಉದ್ದಕ್ಕೆ ನನ್ನ ತಕರಾರಿಲ್ಲ, ಪ್ರತಿ ಸಾಲೂ ಕೆಲಸ ಮಾಡುತ್ತಿದೆ. "ಸ್ಥಳದ ಹೆಸರು ಮಾತ್ರ ಕೊಡಿ" ಅನ್ನೋದನ್ನು ಮಾತ್ರ ಸ್ಕೀಮಾದಲ್ಲಿ ಆ ಇನ್‌ಪುಟ್‌ನ ವಿವರಣೆಗೆ ಹಾಕಿ, ಅದರ ಜಾಗ ಅಲ್ಲೇ. ಆಮೇಲೆ ಅಗರದ ಪ್ರಶ್ನೆ ಮತ್ತೆ ಕೇಳಿ ನೋಡಿ.

ಕೆರೆ ಏರಿ:
ಕೇಳಿದೆ. ಬೆಳ್ಳಂದೂರಿಗೆ ಅಂತ ಬಂತು. ಬಾಣ ಅಂಟಿಲ್ಲದ ಇನ್ನೊಂದು ಚಿತ್ರದ ಬಗ್ಗೆಯೂ ಕೇಳಿದೆ. "ದಿಕ್ಕು ಈ ಫೈಲಿನಿಂದ ತಿಳಿಯುವುದಿಲ್ಲ, ಚಿತ್ರ ತೆರೆದು ನೋಡಿ" ಅಂದು ಲಿಂಕ್ ಕೊಟ್ಟಿತು. ಭಾನುವಾರ ಕೂತು ಆ ಬಾಣಗಳನ್ನೆಲ್ಲ ಅಂಟಿಸುತ್ತೇನೆ. ಮೇಷ್ಟ್ರೇ, ನಕ್ಷೆಗಳನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟರೆ ನಾನೇ ಬಂದು ತಗೊಂಡು ಹೋಗ್ತೀನಿ.