ಮತ್ಸ್ಯಗಂಧದಲ್ಲಿ ಉಡುಪಿ ಮದುವೆಗೆ: ಮೂರು ಜನ, ಎರಡು ಸೂಟ್‌ಕೇಸ್, ರೇಷ್ಮೆ ಸೀರೆ

ಡೊಂಬಿವಲಿ ಸೊಸೆ
ಎಲ್ಲರಿಗೂ ನಮಸ್ಕಾರ. ಶ್ರಾವಣದಲ್ಲಿ ಉಡುಪಿಯಲ್ಲಿ ಮೈದುನನ ಮದುವೆ. ಠಾಣೆಯಿಂದ ಮತ್ಸ್ಯಗಂಧ ರೈಲು, ಸ್ಲೀಪರ್. ನಾನು, ನಮ್ಮವರು, ಏಳು ವರ್ಷದ ಮಗಳು. ಅಲ್ಲಿ ಐದು ದಿನ. ಈ ಸಲ ಎರಡೇ ಸೂಟ್‌ಕೇಸ್ ಅಂತ ಹಟ ಹಿಡಿದಿದ್ದೇನೆ. ಠಾಣೆವರೆಗೆ ಲೋಕಲ್‌ನಲ್ಲೇ ಹೋಗಬೇಕು, ಇವರ ಒಂದು ಕೈ ಮಗಳಿಗೇ ಬೇಕು.

ಹೋದ ಮಳೆಗಾಲದಲ್ಲಿ ಒಂದು ನಾಮಕರಣಕ್ಕೆ ಊರಿಗೆ ಹೋದಾಗ ಏನಾಯಿತು ಅಂತ ಹೇಳಿಬಿಡುತ್ತೇನೆ. ದೊಡ್ಡ 28 ಇಂಚಿನ ಸೂಟ್‌ಕೇಸ್ ಸೀಟಿನ ಅಡಿ ಹೋಗಲೇ ಇಲ್ಲ. ಬಾಗಿಲ ಹತ್ತಿರ ನಿಲ್ಲಿಸಿದೆವು. ರತ್ನಾಗಿರಿ ದಾಟುವಷ್ಟರಲ್ಲಿ ಮಳೆ ನೀರು ಒಳಗೆ ಹರಿದು, ಜಿಪ್ಪಿನಿಂದ ಇಳಿದುಬಿಟ್ಟಿತ್ತು. ಊರಲ್ಲಿ ತೆಗೆದು ನೋಡಿದರೆ ನನ್ನ ಸೀರೆಯ ಕೆಂಪು ಅಂಚಿನ ಬಣ್ಣ ಇವರ ಕೆನೆಬಣ್ಣದ ಶರ್ಟಿಗೆ ಹತ್ತಿತ್ತು, ಬೆನ್ನ ಮೇಲೆ ಅಂಗೈ ಅಗಲ. ಬೇರೆ ಒಳ್ಳೆ ಶರ್ಟ್ ಇರಲಿಲ್ಲ. ನಾಮಕರಣ ಮುಗಿಯುವವರೆಗೂ ಇವರು ಗೋಡೆಗೆ ಒರಗಿಕೊಂಡೇ ಕೂತಿದ್ದರು. ಊಟಕ್ಕೂ ಕೊನೆಯ ಪಂಕ್ತಿ.

ಈ ಸಲ ಎರಡು ರೇಷ್ಮೆ ಸೀರೆ, ಒಂದು ಗಂಜಿ ಹಾಕಿದ ಕಾಟನ್ ಸೀರೆ, ಇವರ ಪಂಚೆ, ಶಲ್ಯ, ಎರಡು ಶರ್ಟ್, ಮಗಳ ಲೆಹೆಂಗಾ, ಮತ್ತೆ ದಿನಬಳಕೆಯದ್ದು. ಯೂಟ್ಯೂಬ್‌ನಲ್ಲಿ ಎಲ್ಲವನ್ನೂ ಸುರುಳಿ ಸುತ್ತಿ ಅಂತಾರೆ. ಅವರಲ್ಲಿ ಒಬ್ಬರಾದರೂ ಗಂಜಿ ಸೀರೆ ಸುತ್ತಿ ನೋಡಿದ್ದಾರಾ?

ಪುಣೆ ಬ್ಯಾಚಲರ್
ಟೀ ಶರ್ಟ್, ಜೀನ್ಸ್, ನೈಟಿ, ಮಗುವಿನ ಬಟ್ಟೆ ಇವನ್ನೆಲ್ಲ ಸುತ್ತಿ. ಜಾಗ ಉಳಿಯುತ್ತದೆ, ಸುಕ್ಕಾದರೂ ಯಾರೂ ನೋಡಲ್ಲ. ಉಳಿದದ್ದಕ್ಕೆ ಗಾಳಿ ಎಳೆಯುವ ಪ್ಲಾಸ್ಟಿಕ್ ಚೀಲ ಸಿಗುತ್ತದಲ್ವಾ, ಅದು ಸೂಪರ್.

ದಾದರ್ ಸೀರೆ ಅಂಗಡಿ
ಆ ಗಾಳಿ ಚೀಲಕ್ಕೆ ಸ್ವೆಟರ್ ಹಾಕಿ, ರೇಷ್ಮೆ ಮಾತ್ರ ಬೇಡ ಅಣ್ಣಾ! ಒತ್ತಿದ ಕಡೆ ಜರಿ ಮುರಿಯುತ್ತದೆ. ಮುರಿದ ಜರಿಗೆ ಇಸ್ತ್ರಿಯಿಂದ ಏನೂ ಆಗಲ್ಲ.

ಅಕ್ಕಾ, ಹೀಗೆ ಮಾಡಿ. ಸೀರೆ ಬಿಚ್ಚಿ, ಹಳೇ ಗೆರೆ ಬಿಟ್ಟು ಬೇರೆ ಕಡೆ ಮಡಚಿ. ಕೊನೆಯ ಎರಡು ಮಡಿಕೆಯ ಒಳಗೆ ಮೆತ್ತಗಿನದ್ದು ಏನಾದರೂ ಸುರುಳಿ ಮಾಡಿ ಇಡಿ. ಮಗಳ ಪೆಟಿಕೋಟ್ ಆದರೂ ಸಾಕು. ಆಗ ಮಡಿಕೆ ದುಂಡಗೆ ಕೂರುತ್ತದೆ, ಚೂಪಾದ ಗೆರೆ ಬೀಳಲ್ಲ. ಆಮೇಲೆ ಒಗೆದ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ. ಸುತ್ತಲು ಪೇಪರ್ ಬೇಡ, ತೇವಕ್ಕೆ ಶಾಯಿ ಹತ್ತುತ್ತದೆ. ನುಸಿ ಗುಳಿಗೆ ಜರಿಗೆ ತಾಗಬಾರದು, ಜರಿ ಕಪ್ಪಾಗುತ್ತದೆ. ಬ್ಲೌಸ್, ಲಂಗ, ಪಿನ್ನು ಆಯಾ ಸೀರೆಯ ಗಂಟಿನಲ್ಲೇ ಇರಲಿ. ಮದುವೆ ಮನೆಯಲ್ಲಿ ಬೆಳಗ್ಗೆ ಐದಕ್ಕೆ ಲಂಗ ಹುಡುಕುವ ಕಷ್ಟ ನಿಮಗೇ ಗೊತ್ತು.

ಗಂಜಿ ಸೀರೆ ಮನೆಯಲ್ಲೇ ಬಿಡಿ. ಕರಾವಳಿ ಮಳೆಗಾಲದಲ್ಲಿ ಗಂಜಿ ತೇವ ಎಳೆದುಕೊಂಡು ಮೆತ್ತಗಾಗುತ್ತದೆ, ಎಷ್ಟು ಚೆನ್ನಾಗಿ ಮಡಚಿದರೂ ಅಷ್ಟೇ.

ಮಾಟುಂಗಾ ಹಳೇ ಮಾಣಿ
ನಾನು 34 ವರ್ಷ ಮಾಟುಂಗಾದ ಹೋಟೆಲಿನಲ್ಲಿದ್ದವನು. ವರ್ಷಕ್ಕೆರಡು ಸಲ ಊರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾಗುವ ಮೊದಲು ನಮಗೆ ಬಸ್ಸೇ ಗತಿ. ಪೆಟ್ಟಿಗೆ ಬಸ್ಸಿನ ನೆತ್ತಿಯ ಮೇಲೆ, ಅದರ ಮೇಲೆ ಟಾರ್ಪಾಲು. ಟಾರ್ಪಾಲು ನಂಬಿದವರು ಊರಲ್ಲಿ ಅಂಗಳದ ತುಂಬ ಬಟ್ಟೆ ಹರವುತ್ತಿದ್ದರು. ನಾನು ಒಳಗಿನಿಂದ ಪ್ಲಾಸ್ಟಿಕ್ ಹಾಕುತ್ತಿದ್ದೆ. ನೀವೂ ಹಾಗೇ ಮಾಡಿ ತಂಗಿ. ದೊಡ್ಡ ಕಸದ ಚೀಲ ಹೊಸದು ಒಂದು, ಸೂಟ್‌ಕೇಸಿನ ಒಳಗೆ ಹರವಿ, ಅದರಲ್ಲಿ ತುಂಬಿಸಿ, ಬಾಯಿ ಮಡಚಿ. ಸೀರೆ ಅಂಗಡಿಯವರು ಹೇಳಿದ ಪಂಚೆಯ ಗಂಟು ಅದರೊಳಗೆ.

ಇಸ್ತ್ರಿ ಮಾಡಿದ ಕೂಡಲೇ ತುಂಬಬೇಡಿ. ಬಿಸಿ ಇರುವಾಗ ಮಡಚಿದರೆ ಸುಕ್ಕು ಹಾಗೇ ಗಟ್ಟಿಯಾಗುತ್ತದೆ. ರಾತ್ರಿ ಇಸ್ತ್ರಿ, ಬೆಳಗ್ಗೆ ಪೆಟ್ಟಿಗೆ.

ಬಟ್ಟೆ ಹಾಳಾಗುವುದು ಮಡಚಿದ್ದಕ್ಕಿಂತ ಜಾಸ್ತಿ ಒಳಗೆ ಜಾರಿದ್ದಕ್ಕೆ. ಲೋಕಲ್ ಹತ್ತುವಾಗ ಪೆಟ್ಟಿಗೆ ನಿಂತಿರುತ್ತದೆ, ರೈಲಿನಲ್ಲಿ ಮಲಗುತ್ತದೆ. ನಿಂತಾಗ ಎಲ್ಲ ಚಕ್ರದ ಕಡೆ ಕುಸಿಯುತ್ತದೆ. ಅದಕ್ಕೇ ಚಪ್ಪಲಿ, ಉಡುಗೊರೆಯ ಪಾತ್ರೆ ಚಕ್ರದ ಕಡೆ ಇರಲಿ. ಸಂದಿಯಲ್ಲೆಲ್ಲ ಸುತ್ತಿದ ಬಟ್ಟೆ ತುರುಕಿ, ಏನೂ ಅಲ್ಲಾಡಬಾರದು. ಸೀರೆ ಗಂಟು ಎಲ್ಲಕ್ಕಿಂತ ಮೇಲೆ. ಶರ್ಟಿನ ಗುಂಡಿ ಹಾಕಿ, ಕಾಲರ್ ಒಳಗೆ ಬೆಲ್ಟ್ ಸುರುಳಿ ಮಾಡಿ ಕೂರಿಸಿ. ಎರಡು ಶರ್ಟಿನ ಕಾಲರ್ ಒಂದೇ ಕಡೆ ಬರಬಾರದು, ಒಂದು ಆಚೆ ಒಂದು ಈಚೆ. ಕೆಂಪು ಅಂಚಿನ ಸೀರೆ ನಿಮ್ಮವರ ಶರ್ಟಿನ ಪೆಟ್ಟಿಗೆಯಲ್ಲೇ ಬೇಡ ಮಾರಾಯ್ರೆ!

ಸ್ಲೀಪರಿನಲ್ಲಿ ಒಬ್ಬರಿಗೆ 40 ಕಿಲೋವರೆಗೆ ದುಡ್ಡಿಲ್ಲದೆ ಒಯ್ಯಬಹುದು, ತೂಕದ ಚಿಂತೆ ಇಲ್ಲ. 28 ಇಂಚಿನದ್ದು ಮಾತ್ರ ಬಿಟ್ಟು ಹೋಗಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ವೇಳಾಪಟ್ಟಿಯೇ ಬೇರೆ, ಗಾಡಿ ನಿಧಾನ. ಇಳಿದ ಕೂಡಲೇ ಸೀರೆ ಬಿಚ್ಚಿ ರಾತ್ರಿಯಿಡೀ ಫ್ಯಾನಿನ ಅಡಿ ಹಗ್ಗಕ್ಕೆ ಹಾಕಿ. ಸಣ್ಣ ಸುಕ್ಕು ತಾನಾಗಿ ಇಳಿಯುತ್ತದೆ.

ಡೊಂಬಿವಲಿ ಸೊಸೆ
ನಿನ್ನೆ ಪೂರ್ತಿ ತುಂಬಿ ನೋಡಿದೆ. 24 ಇಂಚಿನ ಎರಡರಲ್ಲೇ ಆಯಿತು! ಗಂಜಿ ಸೀರೆ ಬಿಟ್ಟೆ, ಮನಸ್ಸಿಲ್ಲದ ಮನಸ್ಸಿನಿಂದ. ಸೂಟ್‌ಕೇಸ್ ಹಿಡಿದು ಮೂರು ಮಹಡಿ ಇಳಿದು ಹತ್ತಿ ಬಿಚ್ಚಿದೆ, ಶರ್ಟಿನ ಕಾಲರ್ ಇಟ್ಟ ಹಾಗೇ ಇತ್ತು. ಇವರು ಬೆಲ್ಟ್ ಹುಡುಕುತ್ತಾ ಇದ್ದರು, ಅದು ಬೇರೆ ವಿಷಯ.

ಮಗಳ ಲೆಹೆಂಗಾ ಮಾತ್ರ ಏನು ಮಾಡಿದರೂ ಹಿಡಿಸುತ್ತಿಲ್ಲ. ಉಬ್ಬಿ ನಿಲ್ಲಲಿ ಅಂತ ಒಳಗೆ ಹೊಲಿಯುವ ನೆಟ್ಟಿನ ಕ್ಯಾನ್‌ಕ್ಯಾನ್ ನಾಲ್ಕು ಪದರ. ಒತ್ತಿದರೆ ಪುಸ್ ಅಂತ ಮತ್ತೆ ಏಳುತ್ತದೆ.

ಮಾಟುಂಗಾ ಹಳೇ ಮಾಣಿ
ಒಳಹೊರಗೆ ಮಾಡಿ ದಿಂಬಿನ ಕವರಿಗೆ ತುಂಬಿ. ಸ್ಲೀಪರಿನಲ್ಲಿ ದಿಂಬು ಕೊಡುವುದಿಲ್ಲವಲ್ಲ, ಮಗು ಅದರ ಮೇಲೆ ಮಲಗಲಿ. ನೆಟ್ ಹೇಗೂ ಏಳುತ್ತದೆ ಅಂತ ನೀವೇ ಹೇಳಿದ್ದೀರಿ.

ಡೊಂಬಿವಲಿ ಸೊಸೆ
ಮಗಳಿಗೆ ಹೇಳಿದೆ. ತಕ್ಷಣ ಒಪ್ಪಿಕೊಂಡಳು. ನಿನ್ನೆ ರಾತ್ರಿಯಿಂದಲೇ ಅದರ ಮೇಲೆ ಮಲಗುತ್ತಿದ್ದಾಳೆ, ಹೊರಡಲು ಇನ್ನೂ ಎಂಟು ದಿನ ಇದೆ.