ಯಾವ ಹಸ್ತಪ್ರತಿಯಲ್ಲೂ ಇಲ್ಲದ ಹಕಾರವನ್ನು ಸಂಪಾದಕರು ಸೇರಿಸಬಹುದೇ? (ಕ್ಯಾಟಲಸ್, ಪದ್ಯ 84)

ಸಂದೇಹಿ:

ಲ್ಯಾಟಿನ್ ನನಗೆ ನಾನೇ ಕಲಿತುಕೊಳ್ಳುತ್ತಿದ್ದೇನೆ, ಇದು ಎರಡನೇ ವರ್ಷ. ಈ ವಾರ ರೋಮನ್ ಕವಿ ಕ್ಯಾಟಲಸ್‌ನ 84ನೇ ಪದ್ಯ ಹಿಡಿದೆ. ಆರಿಯಸ್ ಅಂತ ಒಬ್ಬ, ದೊಡ್ಡವರ ಹಾಗೆ ಮಾತಾಡಲು ಹೋಗಿ ಬೇಡದ ಕಡೆಯೆಲ್ಲ ಹಕಾರ ತುರುಕುತ್ತಾನೆ. ‘ಕೊಮ್ಮೊದ’ (ಅನುಕೂಲಗಳು) ಅನ್ನಲು ‘ಖೊಮ್ಮೊದ’, ‘ಇನ್ಸಿದಿಯಾಸ್’ (ಹೊಂಚು) ಅನ್ನಲು ‘ಹಿನ್ಸಿದಿಯಾಸ್’. ಓದಿ ಚೆನ್ನಾಗಿ ನಕ್ಕೆ. ಆಮೇಲೆ ಪುಟದಡಿಯ ಪಾಠಾಂತರಗಳ (ಯಾವ ಪ್ರತಿಯಲ್ಲಿ ಯಾವ ಪದವಿದೆ ಎಂಬ ಟಿಪ್ಪಣಿಗಳ) ಕಡೆ ಕಣ್ಣು ಹೋಯಿತು. ಹಳೆಯ ಪ್ರತಿಗಳಲ್ಲಿ ಮೊದಲ ಪದವೂ ಬರೀ ‘ಕೊಮ್ಮೊದ’ ಅಂತಲೇ ಇದೆಯಂತೆ! ಹಕಾರ ಬಂದದ್ದು 15ನೇ ಶತಮಾನದ ಇಟಲಿಯ ವಿದ್ವಾಂಸರಿಂದ.

ಹಾಗಾದರೆ ನಾನು ನಕ್ಕಿದ್ದು ಕವಿಯ ಜೋಕಿಗೋ, ಅವನು ಸತ್ತು 1500 ವರ್ಷವಾದ ಮೇಲೆ ಬಂದವರ ಜೋಕಿಗೋ? ಪ್ರತಿಗಳೆಲ್ಲ ಒಂದೇ ಮಾತು ಹೇಳುವಾಗ ಅದನ್ನು ತಳ್ಳಿಹಾಕುವ ಹಕ್ಕು ಇವರಿಗೆ ಕೊಟ್ಟವರು ಯಾರು?

ಕರಡುಕಾಕ:

ನಾನು ಲ್ಯಾಟಿನ್ ಪಂಡಿತನಲ್ಲ, ಮೂವತ್ತು ವರ್ಷ ಕರಡು ತಿದ್ದಿದವನು. ಲ್ಯಾಟಿನ್ ಹುಚ್ಚು ಹತ್ತಿದ್ದು ನಿವೃತ್ತಿಯ ಮೇಲೆ. ಈ ಪದ್ಯ ಓದಿದಾಗಲೆಲ್ಲ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ.

ಕೆಲಸಕ್ಕೆ ಸೇರಿದ ಹೊಸತು. ಒಂದು ಕಾದಂಬರಿಯ ಕರಡು ಬಂತು. ಅದರಲ್ಲೊಬ್ಬ ಭಾಷಣಕಾರ ವೇದಿಕೆ ಹತ್ತಿ ‘ನಿಮ್ಮೆಲ್ಲರನ್ನೂ ಹಾದರದಿಂದ ಸ್ವಾಗತಿಸುತ್ತೇನೆ’ ಅನ್ನುತ್ತಾನೆ. ನಾನು ಕೆಂಪು ಪೆನ್ನು ತೆಗೆದು ‘ಆದರದಿಂದ’ ಮಾಡಿದೆ. ಮುಂದಿನ ಸಾಲು ‘ಸಭೆ ಗೊಳ್ಳೆಂದಿತು.’ ಅದನ್ನು ಮುಟ್ಟಲಿಲ್ಲ, ಕಾಗುಣಿತ ಸರಿಯಿತ್ತಲ್ಲ! ಪುಸ್ತಕ ಹಾಗೇ ಅಚ್ಚಾಯಿತು. ಲೇಖಕರು ನನ್ನನ್ನು ಕರೆಸಿ, ಆ ಪುಟ ತೆರೆದಿಟ್ಟು ಕೇಳಿದ್ದು ಒಂದೇ ಮಾತು: ‘ಸಭೆ ಯಾಕೆ ನಕ್ಕಿತು, ಹೇಳಪ್ಪ?’

ಈಗ ನಿಮ್ಮ ಪದ್ಯಕ್ಕೆ ಬನ್ನಿ. ಪ್ರತಿಗಳನ್ನು ನಂಬಿದರೆ ಮೊದಲ ಸಾಲು ಹೀಗಾಗುತ್ತದೆ: ‘ಕೊಮ್ಮೊದ ಅನ್ನಬೇಕಾದಾಗ ಆರಿಯಸ್ ಕೊಮ್ಮೊದ ಅನ್ನುತ್ತಿದ್ದ.’ ಅನ್ನಲಿ ಬಿಡಿ, ಅದರಲ್ಲೇನಿದೆ? ಕೊನೆಯಲ್ಲಿ ಅವನು ಆ ಕಡೆ ಹೋದ ಮೇಲೆ ಅಯೋನಿಯನ್ ಸಮುದ್ರವೇ ‘ಹಯೋನಿಯನ್’ ಆಗಿಬಿಟ್ಟಿತಂತೆ ಎಂಬ ಗಾಬರಿಯ ಸುದ್ದಿ ಬರುತ್ತದಲ್ಲ, ಹಕಾರ ತೆಗೆದರೆ ಅದೂ ಸತ್ತಂತೆ. ಜೋಕು ಹೋಗಿದೆ, ಸಭೆ ಮಾತ್ರ ನಗುತ್ತಾ ಕೂತಿದೆ.

ಇದು ಬರೀ ಊಹೆಯೂ ಅಲ್ಲ. 1ನೇ ಶತಮಾನದ ರೋಮನ್ ಭಾಷಣಕಲೆಯ ಗುರು ಕ್ವಿಂಟಿಲಿಯನ್ ಈ ಹಕಾರದ ಚಾಳಿಯ ಬಗ್ಗೆ ಬರೆಯುತ್ತಾ, ಇದರ ಮೇಲೆ ಕ್ಯಾಟಲಸ್‌ನ ಪ್ರಸಿದ್ಧ ಪದ್ಯವೊಂದಿದೆ ಎಂದಿದ್ದಾನೆ. ನೀವು ಹೇಳಿದ ಇಟಲಿಯ ವಿದ್ವಾಂಸರಲ್ಲೊಬ್ಬನಾದ ಪೊಲಿತ್ಸಿಯಾನೊ 1489ರಲ್ಲಿ ಅಚ್ಚಾದ ತನ್ನ ‘ಮಿಸಲೇನಿಯ’ದಲ್ಲಿ ಈ ಪದ್ಯವನ್ನು ಚರ್ಚಿಸಿದ್ದಾನೆ.

ಇನ್ನು ‘ಪ್ರತಿಗಳೆಲ್ಲ’ ಅಂದಿರಲ್ಲ, ಎಲ್ಲ ಅಂದರೆ ಎಷ್ಟು? ಈ ಪದ್ಯ ನಮಗೆ ಉಳಿದು ಬಂದಿರುವುದು ವೆರೋನಾದಲ್ಲಿ ಸಿಕ್ಕ ಒಂದೇ ಒಂದು ಪ್ರತಿಯಿಂದ, ಅದೂ ಈಗ ಕಳೆದುಹೋಗಿದೆ. ಅದರ ವಂಶದಲ್ಲಿ ಮುಖ್ಯವಾದವು ಮೂರು: ಆಕ್ಸ್‌ಫರ್ಡಿನದು, ಪ್ಯಾರಿಸ್ಸಿನದು, ವ್ಯಾಟಿಕನ್ನಿನದು. ಕೊನೆಯದು 1896ರವರೆಗೆ ಯಾರ ಕಣ್ಣಿಗೂ ಬೀಳದೆ ಗ್ರಂಥಾಲಯದೊಳಗೇ ಅಡಗಿತ್ತು. ಒಬ್ಬನೇ ಸಾಕ್ಷಿಯ ಮಾತನ್ನು ಅವನ ಮೊಮ್ಮಕ್ಕಳು ಮೂರು ಸಲ ಹೇಳಿದರೆ ಸಾಕ್ಷಿ ಮೂರಾಗುವುದಿಲ್ಲ. ಪ್ಯಾರಿಸ್ ಪ್ರತಿಯಲ್ಲಿ (1375) ಲಿಪಿಕಾರನ ಕ್ಷಮಾಪಣೆಯೇ ಇದೆ: ಓದುಗನೇ ಕ್ಷಮಿಸು, ನನಗೆ ಸಿಕ್ಕ ಮಾತೃಕೆ (ನೋಡಿ ಬರೆದ ಮೂಲಪ್ರತಿ) ತೀರಾ ಕೆಟ್ಟದ್ದು, ಬೇರೆ ಇರಲೇ ಇಲ್ಲ ಅಂತ. ನಾನಂತೂ ಕ್ಷಮಿಸಿದ್ದೇನೆ.

ಲಘುಗುರು:

ಕಾಕ, ಕಥೆ ಚೆನ್ನಾಗಿದೆ, ಹೋಲಿಕೆ ಮಾತ್ರ ಪೂರ್ತಿ ಒಪ್ಪಲಾರೆ. ನೀವು ಹಕಾರ ಕಂಡು, ತಪ್ಪು ಅಂದುಕೊಂಡು ತಿದ್ದಿದಿರಿ. ಮಧ್ಯಯುಗದ ಲಿಪಿಕಾರ ಹಾಗೆ ತಿದ್ದಿದ ಅಂತ ಹೇಗೆ ಹೇಳುತ್ತೀರಿ? ಅವನ ಕಾಲಕ್ಕೆ ಉಚ್ಚಾರದಲ್ಲಿ ಹಕಾರವೇ ಬಿದ್ದುಹೋಗಿತ್ತು. ಬರವಣಿಗೆಯಲ್ಲಿ ಇದ್ದರೂ ಒಂದೇ, ಬಿಟ್ಟರೂ ಒಂದೇ. ‘ಮಿಹಿ’ (ನನಗೆ) ಅನ್ನುವುದನ್ನು ‘ಮಿಖಿ’ ಅಂತ ಬರೆದ ಪ್ರತಿಗಳಿಗೆ ಲೆಕ್ಕವಿಲ್ಲ. ಅಂಥವನ ಕಿವಿಗೆ ಎರಡೂ ಪದ ಒಂದೇ. ಅವನಿಗೆ ಜೋಕು ಕೇಳಿಸಲೇ ಇಲ್ಲ ಅನ್ನಿ.

ಒಂದು ತಮಾಷೆ ಏನೆಂದರೆ ಛಂದಸ್ಸೂ ಇಲ್ಲಿ ಸಾಕ್ಷಿಗೆ ಬರುವುದಿಲ್ಲ. ಲ್ಯಾಟಿನ್ ಮಾತ್ರಾಲೆಕ್ಕದಲ್ಲಿ ಹಕಾರವನ್ನು ವ್ಯಂಜನ ಅಂತ ಎಣಿಸುವುದಿಲ್ಲ. ‘ಆರಿಯಸ್ ಹಿನ್ಸಿದಿಯಾಸ್’ ಅಂದರೂ ಹಿಂದಿನ ‘ಯಸ್’ ಲಘುವಾಗಿಯೇ ಉಳಿಯುತ್ತದೆ. ಹಕಾರ ಹಾಕಿ, ತೆಗೆಯಿರಿ, ಸಾಲು ಕುಂಟುವುದೇ ಇಲ್ಲ. ಹಾಗಾಗಿಯೇ ಕಳವು ಸಲೀಸಾಯಿತು.

ಸಂದೇಹಿ:

ಇಷ್ಟು ಒಪ್ಪಿದೆ. ಆದರೆ ಈ ದಾರಿಯಲ್ಲಿ ನಿಲ್ಲುವುದು ಎಲ್ಲಿ? ಇಂಗ್ಲಿಷ್ ವಿದ್ವಾಂಸ ಬೆಂಟ್ಲಿ, ರೋಮನ್ ಕವಿ ಹೊರೇಸನ 1711ರ ತನ್ನ ಸಂಪಾದನೆಯಲ್ಲಿ, ಕವಿ ಹೇಳಿದ ನೀತಿಕಥೆಯೊಂದರಲ್ಲಿ ಕಾಳಿನ ಬುಟ್ಟಿಗೆ ನುಗ್ಗಿದ ನರಿಯನ್ನೇ ಓಡಿಸಿದನಲ್ಲ!

ಲಘುಗುರು:

ನರಿ ಕಾಳು ತಿನ್ನುವುದಿಲ್ಲ, ಆದ್ದರಿಂದ ‘ವುಲ್ಪೆಕುಲ’ (ಮರಿನರಿ) ತಪ್ಪು, ‘ನಿತೆದುಲ’ (ಒಂದು ಜಾತಿ ಇಲಿ) ಇರಬೇಕು ಅಂತ ಅವನ ವಾದ. ಪ್ರಾಣಿಶಾಸ್ತ್ರ ಸರಿ. ಆದರೆ ನೀತಿಕಥೆಯ ನರಿ ಏನು ಬೇಕಾದರೂ ತಿನ್ನಬಹುದು, ಮಾತನ್ನೂ ಆಡುತ್ತದಲ್ಲ. ಇಲಿಯನ್ನು ಒಪ್ಪಿದ ದೊಡ್ಡ ಸಂಪಾದಕರೂ ಇದ್ದಾರೆ, ನಾನು ನರಿಯ ಪಕ್ಷ. ನೂರು ಪ್ರತಿಗಳಿಗಿಂತ ತರ್ಕ ಮತ್ತು ವಿಷಯವೇ ಮೇಲು ಎಂದವನು ಬೆಂಟ್ಲಿ. ಅದೇ ಧೈರ್ಯದಲ್ಲಿ 1732ರಲ್ಲಿ ಕವಿ ಮಿಲ್ಟನ್ನನ ಇಂಗ್ಲಿಷನ್ನೂ ತಿದ್ದಲು ಹೋಗಿ ನಗೆಪಾಟಲಾದ.

ವ್ಯತ್ಯಾಸ ಇಷ್ಟೇ: ಆರಿಯಸ್ ಪದ್ಯ ಹಕಾರವಿಲ್ಲದೆ ನಿಲ್ಲುವುದೇ ಇಲ್ಲ, ಹೊರಗಿನ ಸಾಕ್ಷಿಯೂ ಇದೆ. ನರಿಯ ಕಥೆ ನರಿ ಇದ್ದರೂ ನಡೆಯುತ್ತದೆ.

ಕರಡುಕಾಕ:

ಲಘುಗುರು ಅವರ ತಿದ್ದುಪಡಿ ಒಪ್ಪಿದೆ, ಲಿಪಿಕಾರನ ಮೇಲೆ ನನ್ನ ಪಾಪ ಹೊರಿಸಿದ್ದು ತಪ್ಪು. ಸಂದೇಹಿ, ನಿಲ್ಲುವುದು ಎಲ್ಲಿ ಅಂದಿರಲ್ಲ. ಆ ಕಾದಂಬರಿಯ ಎರಡನೇ ಮುದ್ರಣಕ್ಕೆ ‘ಆದರ’ ಇದ್ದಲ್ಲೆಲ್ಲ ‘ಹಾದರ’ ಹಾಕಿ ಅಂತ ನಾನೇ ಚೀಟಿ ಬರೆದು ಕಳಿಸಿದೆ. ‘ಎಲ್ಲ’ ಅನ್ನುವ ಪದ ಬಳಸಬಾರದಿತ್ತು. ನಾಯಕಿ ಅತ್ತೆಯ ಮನೆಗೆ ಬರುವ ಪುಟದಲ್ಲಿ ಆಕೆಯನ್ನು ಹೇಗೆ ಬರಮಾಡಿಕೊಂಡರು ಅಂತ ನೀವೇ ಊಹಿಸಿಕೊಳ್ಳಿ.